ಬೆಂಡಿನ ರವೆ

ಶಿಕಾರಿಪುರದಿಂದ ಬರುತ್ತದೆ ಬೆಂಡು,
ಜೋಳ ಬಿಡಿಸಿಕೊಂಡ ಮೇಲಿನದು, ಚೀಲಕ್ಕೆ ಮೂವತ್ತು ರೂಪಾಯಿ.
ರಾಗಿ ಗಿರಣಿಯವ ಒಲ್ಲೆನೆಂದ. ಖಾರದ ಗಿರಣಿಯ ರಹಮತ್‌ಬಿ
'ಪೊಲೀಸ್ರು ಇದ್ನೂ ತಿಂತೀರಾ' ಅಂತ ನಕ್ಕು ಬೀಸಿಕೊಟ್ಟಳು.
ಮೊದಲ ವಾರ ಇಡೀ ಆಯುಧಾಗಾರ ಸೀನಿತು.

ಗುತ್ಯಪ್ಪನವರ ಕಟ್ಟಪ್ಪಣೆ:
ಬಾಂಬೆ ರವೆಯಷ್ಟು ಸಣ್ಣ ಬೇಡ, ತೋಟೆಯ ಕುತ್ತಿಗೆಗೆ ಗಂಟು ಕಟ್ಟುತ್ತೆ.
ನುಚ್ಚಿನಷ್ಟು ದಪ್ಪ ಬೇಡ, ಒಳಗೇ ಹೋಗಲ್ಲ.
ಬನ್ಸಿ ರವೆ. ಉಪ್ಪಿಟ್ಟು ತಿಂದಿದ್ದೀಯಲ್ಲ, ಅಷ್ಟು.

ಡ್ರಮ್ಮು ಅವರದೇ ಕೈಕೆಲಸ.
ಪೇಂಟಿನ ಡಬ್ಬ, ಭದ್ರಾವತಿಯ ಗುಜರಿಯಲ್ಲಿ ಸಿಕ್ಕ ಮೋಟರು,
ಹೊಲಿಗೆ ಮಿಷನ್ನಿನ ಬೆಲ್ಟು.
ಪಕ್ಕದ ಕೋಣೆಯ ವೈರ್‌ಲೆಸ್ಸಿನವರು ಶಾಪ ಹಾಕುವಷ್ಟು ಹೊತ್ತು
ಉರುಳುತ್ತದೆ. ಮಸಿ ಮೆತ್ತಿದ ಖಾಲಿ ತೋಟೆ ಹೋಗಿ
ಗೌರಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಕಂಡ ಚೊಂಬಾಗಿ ಬರುತ್ತದೆ.

ಮಸಿ ಎಲ್ಲೂ ಹೋಗಲ್ಲ, ನೋಡ್ಕೋ, ಅನ್ನುತ್ತಿದ್ದರು.
ಹಿತ್ತಾಳೆ ಬಿಟ್ಟಿದ್ದನ್ನ ರವೆ ಹೊರುತ್ತೆ.
ಹೊಂಬಣ್ಣದ್ದು ಹತ್ತನೇ ಸಲಕ್ಕೆ ಗೋಧಿ, ಇಪ್ಪತ್ತಕ್ಕೆ ಕಾಫಿಪುಡಿ.
ಕಪ್ಪಾಯ್ತು ಅಂತ ಚೆಲ್ಲಬೇಡ.
ಹಳೇ ಬನಿಯನ್ನಿನ ನಾಲ್ಕು ಚೂರು ಹಾಕಿ ಬರಿದೇ ತಿರುಗಿಸು,
ಧೂಳು ಬಟ್ಟೆಗಂಟುತ್ತೆ.
ಆಮೇಲೆ ಒಂದು ಮುಚ್ಚಳ ಪಾಲಿಷು,
ಮುಚ್ಚಳ ಅಂದ್ರೆ ಮುಚ್ಚಳ ಮಾರಾಯ್ತಿ, ಸೌಟಲ್ಲ.
ತೋಟೆ ಹಾಕೋ ಮುಂಚೆ ಕಾಲು ಗಂಟೆ ಉರುಳಲಿ, ಇಲ್ಲಾಂದ್ರೆ ಮುದ್ದೆ.
ಒದ್ದೆ ತೋಟೆ ಹಾಕಿದರೆ ನಾಳೆಗೆ ಬೂಷ್ಟು.
ಜರಡಿ ಅಂಗಳದಲ್ಲಿ ಹಿಡಿ, ಗಾಳಿ ಬೆನ್ನಿಗಿರಲಿ,
ಮೂಗಿಗೆ ಬಟ್ಟೆ ಕಟ್ಟು, ಅದು ಸೀಸ.
ಊಟಕ್ಕೆ ಕೂರೋ ಮುಂಚೆ ಮೊಣಕೈವರೆಗೆ ತೊಳಿ.

ಒಂದೊಂದನ್ನೂ ಕಿವಿಯ ಹತ್ತಿರ ಆಡಿಸುತ್ತಿದ್ದರು
ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ.
ಒಳಗೆ ರವೆ ಉಳಿದಿದ್ದರೆ ಮೇಜಿಗೆ ಟಕ್ಕೆಂದು ಒಂದು ಪೆಟ್ಟು.
ಆಮೇಲೆ ಎಣಿಕೆ.
ಹೋದಷ್ಟು ತುಂಬಿದ್ದು, ಬಂದಷ್ಟು ಖಾಲಿ, ಎರಡೂ ಒಂದೇ ಸಾಲಿನಲ್ಲಿ
ರಿಜಿಸ್ಟರಿನಲ್ಲಿ ಕೂರಬೇಕು.

ಆ ಸೋಮವಾರ ಇಪ್ಪತ್ತಮೂರು.

ಹಿಂದಿನ ದಿನ ತುಂಗೆಯ ದಂಡೆಯಲ್ಲಿ ಎಂಟು ಕೋವಿ, ಮೂರು ಸುತ್ತು,
ಗುಂಡಿಲ್ಲದ ಬರೀ ಶಬ್ದದ ತೋಟೆ,
ರಾತ್ರಿ ಗಸ್ತಿನಲ್ಲಿ ಲಾರಿಗೆ ಸಿಕ್ಕ ತೀರ್ಥೇಶನಿಗೆ.
ಎಂಟ್‌ಮೂರ್ಲಿ ಇಪ್ಪತ್ನಾಲ್ಕು. ಮಗ್ಗಿ ಸುಳ್ಳು ಹೇಳುವುದಿಲ್ಲ.

ಡ್ರಮ್ಮು ಬೋರಲು ಹಾಕಿದರು. ಜರಡಿ ಹಿಡಿದರು,
ಬನಿಯನ್ ಚೂರು ಕೊಡವಿದರು, ಮತ್ತೆ ಜರಡಿ.
ಮೂರನೇ ಸಲಕ್ಕೆ ನಾನು ಇನ್ನೊಂದು ಅಂಚು ಹಿಡಿದೆ.
ಇಲ್ಲವೆಂದು ಗೊತ್ತಿದ್ದದ್ದನ್ನು ಜಾಲಿಸುವಾಗ
ರಟ್ಟೆ ಬೇಗ ಸೋಲುತ್ತದೆ.

ಎರಡನೇ ಸುತ್ತು. ನನ್ನ ಬೋಲ್ಟು ಹಿಂದೆ ಬಂತು,
ತೋಟೆ ಹಾರಿ ಗರಿಕೆಯಲ್ಲಿ ಬಿತ್ತು.
ಕಿವಿ ಮುಚ್ಚಿಕೊಂಡಿದ್ದ ಹುಡುಗಿ ಒಂದು ಕೈ ಬಿಟ್ಟಳು,
ಕೆಂಡದ ಹಲಸಿನ ಬೀಜದಂತೆ ಅದನ್ನು ಈ ಅಂಗೈ ಆ ಅಂಗೈ ಮಾಡಿ
ಫ್ರಾಕಿನ ಜೇಬಿಗಿಳಿಸಿದಳು.
ನನ್ನ ಕಣ್ಣು ಎದುರಿಗಿರಬೇಕಿತ್ತು. ಇರಲಿಲ್ಲ.

'ನೀನು ಎಡತುದಿಗೆ ನಿಂತಿದ್ಯಲ್ಲ?'
'ಹೌದು ಸಾರ್.'
ಜರಡಿ ನಿಂತಿತು. ರವೆ ಮಾತ್ರ ಇನ್ನೂ ಉದುರುತ್ತಿತ್ತು.
'ಕೈ ಸುಟ್ಕೊಂಡ್ತಾ ಮಗು?'
'ಇಲ್ಲ ಸಾರ್.'

ಹುಲ್ಲಿನಲ್ಲಿ ಹುಡುಕಲಾಗಿದೆ, ಒಂದು ದೊರೆತಿಲ್ಲ,
ಅಂತ ಬರೆದು ತಮ್ಮ ಹೆಸರು ಹಾಕಿದರು.
ಮೆಮೊ ಬಂತು. ಉತ್ತರ ಕೊಟ್ಟರು.
ಏನು ಬರೆದರೋ, ನನಗೆ ತೋರಿಸಲಿಲ್ಲ.

ಶುಕ್ರವಾರ ರಹಮತ್‌ಬಿ ಹೊಸ ಚೀಲ ಕಳಿಸಿದಳು, ಇನ್ನೂ ಬೆಚ್ಚಗಿತ್ತು.
ಹಳೆಯದನ್ನು ಪೂರ್ತಿ ಸುರಿಯಹೋದೆ.
ತಡಿ, ಅಂದರು. ಮೂರು ಹಿಡಿ ಉಳಿಸಿ ಹೊಸದರ ನಡುವೆ ಬಿಟ್ಟರು,
ಹೆಪ್ಪು ಅಂದರು.
ಮಿಕ್ಕದ್ದನ್ನು ತಗಡಿನ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು,
ಮೇಲೆ ನನ್ನ ಕೈಯಲ್ಲೇ ಬರೆಸಿದರು:
ಕೋಳಿಗೆ ಹಾಕಬೇಡಿ.