ಹದಿನೇಳನೇ ಪ್ರಶ್ನಿ

ನಲವತ್ತೆರಡು ಪ್ರಶ್ನಿ ಬಗಲಾಗ ಹಿಡಕೊಂಡು
ಕಲಬುರಗಿ ಬಿಸಿಲಿಗೆ ಓಢಣಿ ಸುತ್ತಿಕೊಂಡು
ಸುಣ್ಣದಭಟ್ಟಿ ಓಣಿಗೆ ಹೋದೆ.
ಎಂ.ಎ. ಎರಡನೇ ವರ್ಷ. ಪೆನ್ನು ಎರಡು.

ಹದಿನೇಳನೇದ್ದು: ನಿಮ್ಮ ಮನೆಗೆ ನಳದ ನೀರು ಬರುತ್ತದೆಯೇ?
ಹೌದು, ಇಲ್ಲ. ಒಂದಕ್ಕೆ ಗುರುತು ಹಾಕಿ.
ನಾಗಿಂದ್ರಮ್ಮ ಒಲಿ ಮುಂದಿನಿಂದ ಏಳದೇ ಅಂದಳು:
"ಎಚ್ಚರ ಇದ್ದವರಿಗೆ ಬರ್ತದ. ರಾತ್ರಿ ಎರಡೂವರಿಗೆ."

ಅದಕ್ಕ ನನ್ನ ಹಾಳಿಯೊಳಗ ಚೌಕ ಇದ್ದಿಲ್ಲ.

"ಆ ಕಾಗದ ತೆಗೆದಿಡವ್ವ" ಅಂತ ಚಾಂದಬೀ
ಅಂಗಳದ ಶಹಾಬಾದ ಪರ್ಸಿ ಸೆರಗಿಲೆ ಒರಸಿ
ಮೊರ ತಂದಳು.
ತೊಗರಿಕಾಳು ಅಂದ್ರ ಮನಿ. ಜೋಳ ಅಂದ್ರ ನಳ.
ಹರಿದ ಅಂಗಿಯ ಗುಂಡಿ ಅಂದ್ರ
ಹುಡುಗರು ಬಿದ್ದ ಮೋರಿ. ಕೆಂಪು ಗುಂಡಿ
ಜಗದೇವಿ ಮಗ ಬಿದ್ದದ್ದು. ಆಕಿ ತಾನೇ ಇಟ್ಟಳು,
ಇಟ್ಟು ಒಂದು ಬೆರಳು ಸರಿಸಿದಳು,
"ಇಲ್ಲಿ" ಅಂದಳು.

ಯಾರದೋ ಕೋಳಿ ಬಂದು ಎರಡನೇ ಸಾಲಿನಾಗ
ನಾಕು ಮನಿ ನುಂಗಿತು.
"ಪಾಲಿಕೀದು ಇರಬೇಕು" ಅಂದರು ಯಾರೋ.
ನಕ್ಕು ನಕ್ಕು ಮನಿ ಮತ್ತ ಕಟ್ಟಿದಿವಿ.

ಸರ್ಕಾರಿ ನಕಾಶಿಯೊಳಗ ಪೈಪು ಸಾಲಿ ಕೆಳಗ ಹೋಗ್ತದ.
"ಸುಳ್ಳು. ಬೇವಿನ ಗಿಡದ ಕೆಳಗ" ಅಂದಳು ನಾಗಿಂದ್ರಮ್ಮ.
ಹೆಂಗ ಗೊತ್ತು?
"ಮೇ ತಿಂಗಳಾಗ ಅಲ್ಲಷ್ಟೇ ಹುಲ್ಲು ಹಸರ."
ವಾಲ್ವ್ ತಿರುವೋ ಭೀಮಶಾ ಬಂದು
ಕಬ್ಬಿಣದ ರಾಡು ನೆಲಕ್ಕ ಊರಿ, ಕಿವಿ ಹಚ್ಚಿ,
ಕಣ್ಣು ಮುಚ್ಚಿ, ಮೆಲ್ಲಕ ಅಂದ:
"ಸೋರಾಕತ್ತದ. ಗಿಡ ಕುಡ್ಯಾಕತ್ತದ."

ಆಮ್ಯಾಲ ಅವರೇ ಒಂದು ಪ್ರಶ್ನಿ ಮಾಡಿದರು,
ನನ್ನ ನಲವತ್ತೆರಡರಾಗ ಇಲ್ಲದ್ದು:
ನಿನ್ನಿ ರಾತ್ರಿ ಎಷ್ಟು ತಾಸು ನಿದ್ದಿ ಹೋಯ್ತು? ಯಾರದು?
ತಾಸಿಗೊಂದು ಕಡ್ಡಿ, ಮನಿಗೊಂದು ಡಬ್ಬಿ,
ಮೂವತ್ತೊಂದು ರಾತ್ರಿ.
ಎಣಿಸುವಾಗ ಗಂಡಸರು ಗ್ವಾಡಿಗೆ ಹತ್ತಿ ಸುಮ್ಮ ಕುಂತರು.
ಅವರ ಹೆಸರಿಲೆ ಒಂದೂ ಕಡ್ಡಿ ಇದ್ದಿಲ್ಲ.

ಪಾಲಿಕಿ ಸಾಹೇಬರ ಮೇಜಿನ ಮ್ಯಾಲ
ಚಾಂದಬೀ ಡಬ್ಬಿ ಡಬ್ಬಿ ಸುರುವಿದಳು.
ಬೆಂಕಿ ಹಚ್ಚತೀರೇನು ಅಂತ ಅವರು ಎದ್ದೇ ನಿಂತರು.
"ಹಚ್ಚಿ ಮುಗದದ ಸಾಹೇಬ್ರ. ಇವು ಸುಟ್ಟ ಕಡ್ಡಿ."

ಎರಡು ಸಾಲಿಗೆ ಈಗ ಮುಂಜಾನಿ ಐದಕ್ಕ ನೀರು.
ಮೂರನೇ ಸಾಲಿಗೆ ಇನ್ನೂ ಎರಡೂವರಿ.
ಬೇವಿನ ಬುಡ ಯಾರೂ ಅಗದಿಲ್ಲ.

ವರದಿ ಓದಿ ಹೇಳಾಕ ಹೋದ ದಿನ ಜಗದೇವಿ
ಕಿವಿ ಮ್ಯಾಲಿನ ಪೆನ್ಸಿಲ್ ತೆಗೆದು ಎದುರಿಗೆ ಕುಂತಳು.
"ನಿಮ್ಮ ಹಾಸ್ಟೆಲ್ಲಿಗೆ ನೀರು ಎಷ್ಟೊತ್ತಿಗೆ ಬರ್ತದ?"
ಯಾವಾಗಲೂ ಇರ್ತದ, ಅಂದೆ.
"ಇರ್ತದ, ಖರೆ. ಟಾಕಿ ಯಾರು ತುಂಬತಾರ?
ಅವರು ಎಷ್ಟೊತ್ತಿಗೆ ಏಳತಾರ?"

ಎರಡು ವರ್ಷ ಅದೇ ನೀರಾಗ ಜಳಕ ಮಾಡೀನಿ.

ಆಕಿ ಆ ಸಾಲು ಖಾಲಿ ಬಿಟ್ಟಳು.
"ಕೇಳಿಕೊಂಡು ಬಾ" ಅಂದು
ಮುಂದಿನ ಪ್ರಶ್ನಿಗೆ ಹೋದಳು.