ಕೆಂಪು ಗೀಟು

ಶನಿವಾರ. ಜೀಲಾಂಗಿನ ಕೊಲ್ಲಿಗೆ ಮುಖ ಮಾಡಿದ ಹೋಟೆಲಿನ
ಎರಡನೆಯ ಮಹಡಿ. ಕೊರಳಿಗೆ ಹೆಸರು ತೂಗುಹಾಕಿಕೊಂಡು
ನಾವು ಅರವತ್ತು ಜನ ಡಾಕ್ಟರುಗಳು
ಮತ್ತೆ ಸಾಲಾಗಿ ಕೂತಿದ್ದೇವೆ.
ಹಿಂದಿನ ಸಾಲೇ ಮೊದಲು ತುಂಬಿತು, ಎಂದಿನಂತೆ.

ಪರದೆಯ ಮೇಲೊಂದು ಹೃದಯ, ಆಳೆತ್ತರ,
ಯಾರದೆಂದು ಹೇಳಿಲ್ಲ.
ಡಾಕ್ಟರ್ ತೂಯೆಟ್ ಫಾನ್, ನನ್ನ ಮಗಳ ವಾರಿಗೆಯವಳು,
ಕ್ಯಾನ್ವಾಸ್ ಶೂ ಮೆಟ್ಟಿ ಅದರ ಕೋಣೆಕೋಣೆ ಸುತ್ತಿಸುತ್ತಾಳೆ
ಬಾಡಿಗೆ ಮನೆ ತೋರಿಸುವವಳ ಹಾಗೆ:
ಈ ಕದ ಬಿಗಿದಿದೆ ನೋಡಿ. ಈಗ ಎದೆ ಸೀಳಲೇಬೇಕೆಂದಿಲ್ಲ,
ತೊಡೆಸಂದಿನಿಂದ ಹೊಸ ಕದವನ್ನು ಮಡಿಸಿ ಒಯ್ದು
ಒಳಗೆ ಬಿಚ್ಚಿದರಾಯಿತು.
ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಮಾತ್ರೆ
ಸೋತ ಹೃದಯಕ್ಕೂ ಆಗುತ್ತದೆ, ಸಕ್ಕರೆ ಇರಲಿ ಬಿಡಲಿ.

ಪಕ್ಕದ ಬ್ರಾನಿಗನ್ ಎರಡು ಬಿಸ್ಕತ್ತು ಕಾಗದದಲ್ಲಿ ಸುತ್ತಿ
ಎದೆಯ ಜೇಬಿಗಿಳಿಸಿದ.
ಅದೇ ಜೇಬಿನ ಹಿಂದೆ ಎರಡು ಸ್ಟೆಂಟು. ಚೀಟಿ ಬರೆದು ಕಳಿಸಿದವಳು ನಾನೇ.

ಆಮೇಲೆ ನಾಲ್ಕು ಕಂಬಗಳ ಚಿತ್ರ.
ಎರಡನೆಯ ಕಂಬದ ಹೆಸರು ಹೊಸದೇನಲ್ಲ,
ಇಪ್ಪತ್ತೈದು ವರ್ಷದಿಂದ ನಾನೇ ಬರೆಯುತ್ತಿರುವ ಮಾತ್ರೆ.
ಆದರೂ ಯಾರಾದರೂ ಅದನ್ನು ಗಟ್ಟಿಯಾಗಿ ಹೇಳಿದಾಗ
ಮರ್ವಿನ್ ಟೋಲ್‌ಹರ್ಸ್ಟ್ ಮೂರು ದಿಂಬಿಗೆ ಒರಗಿ
ನನ್ನತ್ತ ನೋಡುತ್ತಾನೆ.

ಎಂಬತ್ತೊಂಬತ್ತರ ಚಳಿಗಾಲ, ಇದೇ ಊರಿನ ಆಸ್ಪತ್ರೆ.
ಉಣ್ಣೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು,
ಕಾಲು ಹಲಸಿನ ತೊಳೆಯಂತೆ ಬಾತು, ಒತ್ತಿದರೆ ಗುಳಿ.
ಯಾರೋ ಹಳ್ಳಿ ಡಾಕ್ಟರು ಕೊಟ್ಟ, ಬಡಿತ ಇಳಿಸುವ ಮಾತ್ರೆ ನುಂಗುತ್ತಿದ್ದ.
‘ಇದು ನನಗೆ ಒಗ್ಗಿದೆ ಕಣಮ್ಮಾ,’ ಅಂದ,
‘ಮಗ್ಗವೂ ಅಷ್ಟೆ, ಹೆಚ್ಚು ಓಡಿಸಿದರೆ ಎಳೆ ಕಡಿಯುತ್ತೆ.’

ನನ್ನ ಪುಸ್ತಕದಲ್ಲಿ ದಪ್ಪಕ್ಷರ: ಸೋತ ಹೃದಯಕ್ಕೆ ಇದು ನಿಷಿದ್ಧ.
ಬಳಲಿದ ಎತ್ತಿಗೆ ಬೇಕಾದದ್ದು ಬಾರುಕೋಲು, ಮೂಗುದಾರವಲ್ಲ
ಎಂಬುದು ಆಗಿನ ಲೆಕ್ಕ.
ಕೆಂಪು ಪೆನ್ನು ತೆಗೆದು ಆ ಹೆಸರಿನ ಮೇಲೆ ಗೀಟೆಳೆದೆ.
ಸ್ಕೇಲು ಇಟ್ಟಷ್ಟು ನೇರ.
ದೊಡ್ಡ ಡಾಕ್ಟರು ತಲೆದೂಗಿದರು.
ಒಂಬತ್ತನೆಯ ದಿನ ಬೆಳಿಗ್ಗೆ ದಿಂಬು ಮೂರೂ ಇದ್ದವು.

ಅದರಿಂದಲೇ ಎನ್ನಲು ಯಾರಿಗೂ ಆಗದು.
ಕಾಲು ಅಷ್ಟು ಬಾತಿದ್ದರೆ ಇವತ್ತೂ ಕೆಲವು ದಿನ ತಡೆಯುತ್ತಿದ್ದೆವೇನೋ.
ಏನೋ.

ಪ್ರಶ್ನೆಗಳಿವೆಯೇ? ಬ್ರಾನಿಗನ್ ಕೈಯೆತ್ತಿದ:
ಎಪ್ಪತ್ತು ದಾಟಿದವರು, ಹೃದಯದ ತೊಂದರೆ ಎಂದೂ ಇಲ್ಲದವರು,
ಅವರ ಆಸ್ಪಿರಿನ್?
ನಿಲ್ಲಿಸಿ ಅನ್ನುತ್ತದೆ ಲೆಕ್ಕ, ಅಂದಳು ಹುಡುಗಿ,
ಉಳಿಸುವುದಕ್ಕಿಂತ ರಕ್ತ ಸುರಿಸುವುದೇ ಹೆಚ್ಚು.
ಸಭೆಯಲ್ಲಿ ಪೆನ್ನುಗಳ ಸದ್ದು.
ನನ್ನ ಕಣ್ಣ ಮುಂದೆ ಸೋಮವಾರದ ಪಟ್ಟಿ,
ಹತ್ತು ಕಾಲಕ್ಕೆ ಬೆರಿಲ್ ಕಿಚನರ್, ಎಪ್ಪತ್ತೆಂಟು,
ನಾನು ಹೇಳಿದೆನೆಂದೇ ಇಪ್ಪತ್ತು ವರ್ಷ
ದಿನಾ ಬೆಳಿಗ್ಗೆ ಟೋಸ್ಟಿನ ಜೊತೆ ಒಂದು ಬಿಳಿ ಚುಕ್ಕೆ.

ಹೊರಡುವಾಗ ಒಂದು ಹಾಳೆ ಕೊಟ್ಟರು.
‘ಇಂದಿನ ಕಲಿಕೆ ನಿಮ್ಮ ಕೆಲಸವನ್ನು ಬದಲಿಸುವುದೇ?
ಹೌದು. ಸ್ವಲ್ಪ. ಇಲ್ಲ.’
‘ಕೆಲಸವನ್ನು ಮಾತ್ರವೇ’ ಎಂದು ಅಂಚಿನಲ್ಲಿ ಬರೆದು, ಹೊಡೆದುಹಾಕಿ,
‘ಸ್ವಲ್ಪ’ಕ್ಕೆ ಗುರುತು ಹಾಕಿದೆ.
ಮೂರೂವರೆ ಗಂಟೆ ಕಲಿತಳೆಂದು ಪ್ರಮಾಣಪತ್ರ ಬಂತು.

ಸೋಮವಾರ ಬೆರಿಲ್ ಪೂರ್ತಿ ಕೇಳಿಸಿಕೊಂಡಳು.
‘ಹಾಗಾದರೆ ಇಷ್ಟು ವರ್ಷ?’
ಆಗ ಅದೇ ಸರಿಯೆಂದುಕೊಂಡಿದ್ದೆವು, ಅಂದೆ.
ಅದೇ ಸೊಲ್ಲನ್ನು ಒಬ್ಬ ಗಂಡಸಿಗೆ ಹೇಳಲು ನನಗೆ ಆಗಿರಲಿಲ್ಲ.
ಅವಳು ಕೈಚೀಲದ ಬಾಯಿ ಮುಚ್ಚಿದಳು.
‘ಮೊನ್ನೆ ತಾನೇ ನೂರರ ಡಬ್ಬಿ ತಂದೆನಲ್ಲಾ.’

ಶುಕ್ರವಾರ ಕೌಂಟರಿನ ಮೇಲೆ ಅವಳ ಹಿತ್ತಿಲ ಗುಲಾಬಿ.
ಹೂದಾನಿಯ ತಳದಲ್ಲಿ ಒಂದು ಬಿಳಿ ಮಾತ್ರೆ
ಗುಳ್ಳೆ ಬಿಡುತ್ತಾ ಕರಗುತ್ತಿತ್ತು.
ಹೂ ಬಾಳುತ್ತವಂತೆ ಹಾಗೆ ಮಾಡಿದರೆ.
ಲೆಕ್ಕ ಏನನ್ನುತ್ತದೋ, ನಾನು ನೋಡಲಿಲ್ಲ.