ನಗದು ಪುಸ್ತಕ

ಕೌಲ್ ಬಜಾರಿನ ನಮ್ಮ ಜೀನ್ಸು ಕಾರ್ಖಾನೆಯ ಬಾಗಿಲಿಗೆ
ಬಿಸಿಲು ಬಲಿತ ವಾರ ಒಂದು ಪೆಟ್ಟಿಗೆ ಬಂತು.
ಐದು ಗುಂಡಿ, ಐದು ಮುಖ,
ಹಸಿರು ನಗುವಿನಿಂದ ಕೆಂಪು ಅಳುವಿನ ತನಕ.
ಮಾಲು ಕೊಳ್ಳುವ ಕಂಪನಿಯ ಅಪ್ಪಣೆ:
ಮನೆಗೆ ಹೋಗುವಾಗ ಒಬ್ಬೊಬ್ಬರೂ ಒಂದನ್ನು ಒತ್ತಬೇಕು,
ಇವತ್ತು ಹೇಗಿತ್ತು ಅಂತ.

ನಾನು ಲೆಕ್ಕದವನು.
ಹದಿನೆಂಟು ವರ್ಷದಲ್ಲಿ ಎಣಿಸದೆ ಬಿಟ್ಟದ್ದು ಕಡಿಮೆ:
ದಾರದ ಉಂಡೆ, ಜಿಪ್ಪು, ತಾಮ್ರದ ರಿವೆಟ್ಟು,
ಮುರಿದ ಸೂಜಿ ಕೂಡ. ಎರಡೂ ತುಂಡು ತಂದು ತೋರಿಸಿದರೇ
ಹೊಸದು ಕೊಡುವುದು.

ಮೊದಲ ದಿನ ನಲವತ್ತು ಮಂದಿಯೂ ನಡುವಿನದನ್ನೇ ಒತ್ತಿದರು,
ನಗದ, ಅಳದ ಹಳದಿ ಮುಖ.
ಸೂಪರ್‌ವೈಸರ್ ಎರ್ರಿಸ್ವಾಮಿ ಪಕ್ಕದಲ್ಲೇ ನಿಂತಿದ್ದ.
ಎರಡನೆಯ ದಿನ ಅವನು ಚಹಾಕ್ಕೆ ಹೋದಾಗ
ಅಜ್ಜಿಯನ್ನು ಕರೆಯಲು ಬಂದ ಮಾಬುನ್ನಿಯ ಮೊಮ್ಮಗ
ಕೆಂಪು ಚಂದ ಅಂತ ಹದಿನೇಳು ಸಲ ಒತ್ತಿದ.

ತಿಂಗಳ ಕೊನೆಗೆ ಕಾಗದ ಬಂತು:
ಸಂತೋಷ, ಶೇಕಡ ಐವತ್ತೆಂಟು.
ಸಾಹುಕಾರರು ಕನ್ನಡಕ ಹಣೆಗೇರಿಸಿ ಕೇಳಿದರು:
"ಇದು ಲಾಭನೋ ಲುಕ್ಸಾನೋ, ಪಂಪಾಪತಿ?"
"ಗೊತ್ತಿಲ್ರೀ."
"ಮತ್ತೆ ಯಾವ ಕಡೆ ಬರೀತೀಯ?"

ಯಾವ ಕಡೆ ಬರೆಯಲಿ.
ಅದಿರಿನ ಲಾರಿಗಳು ರಾತ್ರಿಯಿಡೀ ಓಡಿದ ವರ್ಷಗಳಲ್ಲಿ
ಊರು ಮೇಲೆದ್ದಿತು ಅಂತ ಎಲ್ಲರೂ ಅಂದರು.
ಟನ್ನಿನಲ್ಲಿ ಅಂದರು.
ಸಂಡೂರು ದಾರಿಯ ಬೇವಿನ ಎಲೆ ಕೆಂಪಾದದ್ದು,
ಹೊಸ ಟಿಪ್ಪರಿನ ಮುಂದೆ ನಿಂತು ತೆಗೆಸಿದ ಪಟದಲ್ಲಿ
ನನ್ನ ತಮ್ಮ ನಗಲು ಮರೆತದ್ದು,
ಇವಕ್ಕೆ ಕಾಲಮ್ಮು ಇರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಯಿತು.
ನಲವತ್ತು ಮಿಷನ್ನು ಒಮ್ಮೆಗೇ ಬಾಯಿ ಮುಚ್ಚಿದರೆ
ಬೆವರಿಳಿಯುವ ಸದ್ದೂ ಕೇಳೀತು ಅನ್ನಿಸುತ್ತದೆ.
ಆಗ ಹುಲಿಗೆಮ್ಮ ಒಂದು ಪ್ಯಾಂಟು ಎತ್ತಿ ಹಿಡಿದಳು.
ಎರಡು ಕಾಲೂ ಕೂಡಿಸಿ ಹೊಲಿದುಬಿಟ್ಟಿದ್ದಳು,
ಸೊಂಟದಿಂದ ಕೆಳಕ್ಕೆ ಒಂದೇ ಕೊಳವೆ.
"ಅಯ್ಯ, ಇದನ್ನ ಹಾಕ್ಕೊಂಡೋನು ಹೆಂಗ ನಡೀತಾನ?"
"ಕಪ್ಪಿ ಹಂಗ!" ಮೂಲೆಯಿಂದ ಮಾಬುನ್ನಿ.
"ನಮ್ಮನಿಯವ್ರಿಗೂ ಒಂದು ಹೊಲಿಯವ್ವ,
ಸಂಜಿಗೆ ಹೊಸ್ತಿಲು ದಾಟಂಗಿಲ್ಲ."

ನಕ್ಕರು. ಒಬ್ಬಳು ಸ್ಟೂಲಿನಿಂದ ಜಾರಿ ಕೂತಳು.
ನೀಲಿ ಹತ್ತಿದ ಕೈಯಲ್ಲಿ ಕಣ್ಣೊರೆಸಿಕೊಂಡು
ಕೆನ್ನೆಯೆಲ್ಲ ನೀಲಿಯಾಗಿ, ಅದಕ್ಕೂ ನಕ್ಕರು.
ಗದರಿಸಲು ಬಾಯಿ ತೆರೆದ ಎರ್ರಿಸ್ವಾಮಿಗೆ
ಬಂದದ್ದು ಬೇರೆಯೇ.
ಕರೆಂಟು ಬಂದು ಮೂರು ನಿಮಿಷವಾದರೂ
ಯಾರ ಕಾಲೂ ಪೆಡಲಿಗೆ ಹೋಗಲಿಲ್ಲ.

ನಾನು ಬರೆದೆ:
ರಿಜೆಕ್ಟು, ಒಂದು. ಬಟ್ಟೆ, ದಾರ, ಕೂಲಿ ಸೇರಿ
ಮುನ್ನೂರ ಹತ್ತು.
ಹುಲಿಗೆಮ್ಮನ ಪಗಾರದಲ್ಲಿ ಹಿಡಿಯುವುದು.
ಕೈ ತಾನಾಗಿಯೇ ಬರೆಯಿತು, ರೂಢಿ.

ಸಂಜೆ ಸಾಲಿನಲ್ಲಿ ಎಲ್ಲರೂ ಮತ್ತೆ ಹಳದಿ.
ಹುಲಿಗೆಮ್ಮನೊಬ್ಬಳು ನನ್ನ ಕಡೆ ನೋಡುತ್ತಾ
ಕೆಂಪಿನ ಮೇಲೆ ಬೆರಳಿಟ್ಟಳು,
ಗಂಟೆ ಬಾರಿಸುವವರ ಹಾಗೆ, ಮೆಲ್ಲಗೆ.

ರಾತ್ರಿ ಪುಸ್ತಕ ಮುಚ್ಚಿದೆ.
ರಟ್ಟಿನ ಮೇಲೆ ನಾನೇ ದಪ್ಪಗೆ ಬರೆದ ಹೆಸರು:
ನಗದು.
ಹದಿನೆಂಟು ವರ್ಷ ಅದನ್ನು
ಒಂದೇ ಅರ್ಥದಲ್ಲಿ ಓದಿದ್ದೆ.

ಮತ್ತೆ ತೆರೆದೆ. ಕೆಂಪು ಗೆರೆ ಎಳೆದು
ಎದುರಿಗೆ ಹೊಸ ಸಾಲು ಹಾಕಿದೆ:
ಮಾರಾಟ, ರಿಜೆಕ್ಟ್ ಪ್ಯಾಂಟು ಒಂದು,
ಕೊಂಡವರು ಪಂಪಾಪತಿ, ಮುನ್ನೂರ ಹತ್ತು, ಸಂದಾಯ.
ದೊಡ್ಡ ಕೆಲಸವೇನಲ್ಲ. ನಾಳೆ ಇನ್ಯಾರದೋ ತಪ್ಪಿಗೆ
ನನ್ನ ಜೇಬು ಸಾಲದು; ಅದೂ ಗೊತ್ತು.
ಆ ಮೂರು ನಿಮಿಷ ಮಾತ್ರ ಎಲ್ಲಿಯೂ ಬರೆದಿಲ್ಲ.
ಬರೆದರೆ ಯಾರಾದರೂ ಹಿಡಿದುಕೊಂಡಾರು.

ಮನೆಯಲ್ಲಿ ಅದನ್ನು ಬಿಡಿಸಿ ತೋರಿಸಿದೆ.
"ಇದೇನ್ರೀ, ಲಂಗನಾ?" ಅಂತ
ಸುಮಿತ್ರಕ್ಕ ಒಲೆ ಆರಿಸಿ ಕೂತಳು, ಬಹಳ ಹೊತ್ತು
ಹೊಟ್ಟೆ ಹಿಡಿದುಕೊಂಡು.
ಮರುದಿನ ಕೆಳಬಾಯಿ ಹೊಲಿದು, ಮಂಡಾಳು ತುಂಬಿ
ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದಾಳೆ.
ಹದಿನಾರು ಸೇರು ಹಿಡಿಯುತ್ತದೆ.
ಅಳೆದಿದ್ದೇನೆ.